ಚೆನ್ನಪಟ್ಟಣದ ವೃತ್ತಾಂತಕಾರ: ಪತ್ರಿಕಾಕರ್ತ ಎಸ್. ಮುತ್ತಯ್ಯನವರು

ಅರಸರ ವಂಶಾವಳಿಯನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ ನಮ್ಮಲ್ಲಿ ಅನೇಕರಿಗೆ, ತಾವು ವಾಸಿಸುವ ಬೀದಿಗೆ ಆ ಹೆಸರು ಹೇಗೆ ಬಂದಿತೆಂಬುದು ತಿಳಿಯದು. ಪಾಣಿಪತ್ತಿನ ಯುದ್ಧಗಳು ನಡೆದ ವರ್ಷಗಳನ್ನು ತಡವರಿಸದೆ ಹೇಳಬಲ್ಲ ಹುಡುಗನು, ತಾನು ದಿನವೂ ದಾಟಿ ಹೋಗುವ ಕೆರೆಯ ಏರಿಯನ್ನು ಕಟ್ಟಿಸಿದವರು ಯಾರೆಂದು ಕೇಳಿದರೆ ಸುಮ್ಮನಾಗುತ್ತಾನೆ. ಇದು ಹುಡುಗನ ದೋಷವಲ್ಲ; ಊರಿನ ಕಥೆಯನ್ನು ಅವನಿಗೆ ಹೇಳುವವರಿಲ್ಲ. ಹೇಳಬಲ್ಲ ಹಿರಿಯರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಾರೆ. ಅವರೊಡನೆ ಊರಿನ ನೆನಪೂ ಅಷ್ಟಷ್ಟಾಗಿ ತೀರಿಹೋಗುತ್ತದೆ. ಹೀಗೆ ತೀರಿಹೋಗುತ್ತಿದ್ದ ಒಂದು ಮಹಾನಗರದ ನೆನಪನ್ನು ವೃತ್ತಾಂತಪತ್ರಿಕೆಯ ಮೂಲಕ ಹಿಡಿದು ನಿಲ್ಲಿಸಿದ ಮಹನೀಯರೊಬ್ಬರ ವಿಚಾರವನ್ನು ಈ ತಿಂಗಳು ವಾಚಕರ ಮುಂದಿಡಬೇಕೆಂದು ನಮ್ಮ ಇಚ್ಛೆ. ಅವರೇ ಮದರಾಸಿನ ಎಸ್. ಮುತ್ತಯ್ಯನವರು. 1930ರಲ್ಲಿ ಹುಟ್ಟಿ 2019ರ ಏಪ್ರಿಲ್ 20ರಂದು ಕಾಲವಾದ ಇವರು ಯಾವ ವಿಶ್ವವಿದ್ಯಾನಿಲಯದ ಇತಿಹಾಸ ಪೀಠದಲ್ಲಿಯೂ ಕುಳಿತವರಲ್ಲ. ಆದರೂ ಆ ಪಟ್ಟಣದ ಹಳೆಯ ಸಂಗತಿಯೊಂದು ಬೇಕೆಂದಾಗ ಪಂಡಿತರೂ ಪಾಮರರೂ ಸಮನಾಗಿ ಇವರ ಕಡೆಗೆ ತಿರುಗುತ್ತಿದ್ದರು.

ಇದಕ್ಕಿಂತಲೂ ವಿಶೇಷವಾದ ಸಂಗತಿ ಇನ್ನೊಂದುಂಟು. ಆ ಊರಿನ ಕಥೆಯನ್ನು ಹೀಗೆ ಮನೆಮನೆಗೆ ಮುಟ್ಟಿಸಿದವರು ಆ ಊರಿನವರೇ ಅಲ್ಲ. ಅವರು ಅಲ್ಲಿಗೆ ಬಂದು ನೆಲೆಸಿದುದು ಮೂವತ್ತೆಂಟನೆಯ ವಯಸ್ಸಿನಲ್ಲಿ. ಅದೂ ತಾವು ತಮ್ಮದೆಂದು ತಿಳಿದಿದ್ದ ನಾಡಿನಲ್ಲಿ ಇರಲು ಎಡೆಯಿಲ್ಲದೆ ಹೋದುದರಿಂದ.

ಸಿಂಹಳದ ವಾಸ

ತಮಿಳುನಾಡಿನ ದಕ್ಷಿಣ ಭಾಗದಲ್ಲಿ ಚೆಟ್ಟಿನಾಡು ಎಂಬ ಸೀಮೆ ಇದೆ. ಅಲ್ಲಿಯ ನಗರತ್ತಾರ್ ಎಂಬ ಚೆಟ್ಟಿಯಾರ್ ಮನೆತನಗಳವರು ಲೇವಾದೇವಿಯಲ್ಲಿ ನಿಪುಣರು. ಹತ್ತೊಂಬತ್ತನೆಯ ಶತಮಾನದಲ್ಲಿ ಅವರು ಬರ್ಮಾ, ಸಿಂಹಳ, ಮಲಯ ಮೊದಲಾದ ದೇಶಗಳಿಗೆ ಸಮುದ್ರ ದಾಟಿ ಹೋಗಿ, ಅಂಗಡಿಗಳನ್ನು ತೆರೆದು, ಗಳಿಸಿದ ಹಣದಿಂದ ತಮ್ಮ ಹುಟ್ಟೂರುಗಳಲ್ಲಿ ಅರಮನೆಯಂಥ ಮನೆಗಳನ್ನು ಕಟ್ಟಿಸಿದರು. ಮುತ್ತಯ್ಯನವರು ಈ ಸೀಮೆಯ ಪಳ್ಳತ್ತೂರಿನಲ್ಲಿ ಇಂಥದೊಂದು ಮನೆತನದಲ್ಲಿ ಜನಿಸಿದರು. ಬಾಲ್ಯವು ಬಹುಮಟ್ಟಿಗೆ ಸಿಂಹಳದಲ್ಲಿ, ಎಂದರೆ ಈಗಿನ ಶ್ರೀಲಂಕೆಯಲ್ಲಿ, ಕಳೆಯಿತು. ಉಚ್ಚ ವ್ಯಾಸಂಗಕ್ಕೆ ಅಮೆರಿಕಕ್ಕೆ ತೆರಳಿ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ರಾಷ್ಟ್ರರಾಷ್ಟ್ರಗಳ ಸಂಬಂಧದ ಶಾಸ್ತ್ರವನ್ನು ಓದಿದರು.

1951ರಲ್ಲಿ ಅವರು ಕೊಲಂಬೋ ನಗರಕ್ಕೆ ಹಿಂದಿರುಗಿ ‘ಟೈಮ್ಸ್ ಆಫ್ ಸಿಲೋನ್’ ಪತ್ರಿಕೆಯನ್ನು ಸೇರಿದರು. 1846ರಲ್ಲಿ ಆರಂಭವಾದ ಈ ಪತ್ರಿಕೆ ಆ ದ್ವೀಪದ ಹಳೆಯ ಇಂಗ್ಲಿಷ್ ಪತ್ರಿಕೆಗಳಲ್ಲೊಂದು. ಅಲ್ಲಿ ಹದಿನೇಳು ವರ್ಷ ದುಡಿದು ಹಿರಿಯ ಸಂಪಾದಕರ ಸಾಲಿಗೆ ಏರಿದರು. ಪತ್ರಿಕಾಲಯವೆಂಬುದು ಒಂದು ಕಠಿನವಾದ ಗುರುಕುಲ. ಗಡಿಯಾರದ ಮುಳ್ಳು ಇಂಥ ಅಂಕೆಗೆ ಬರುವುದರೊಳಗೆ ಬರಹ ಮೊಳೆ ಜೋಡಿಸುವವರ ಕೈ ಸೇರಲೇಬೇಕು. ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಮರುದಿನ ಬೆಳಗ್ಗೆ ಆ ಹೆಸರಿನವನು ಬಾಗಿಲಲ್ಲಿ ನಿಂತಿರುತ್ತಾನೆ. ಹೇಳಬೇಕಾದುದನ್ನು ಕೊಟ್ಟಷ್ಟೇ ಅಂಗುಲದ ಅಂಕಣದಲ್ಲಿ ಹೇಳಿ ಮುಗಿಸಬೇಕು. ಕಾಲ, ನಿಖರತೆ, ಮಿತಿ ಎಂಬ ಈ ಮೂರು ಪಾಠಗಳನ್ನು ಅಲ್ಲಿ ಕಲಿತವರು ಮುಂದೆ ಯಾವ ಬರಹಕ್ಕೆ ಕೈಹಾಕಿದರೂ ಅವನ್ನು ಮರೆಯಲಾರರು. ಮುತ್ತಯ್ಯನವರ ಇತಿಹಾಸ ಲೇಖನಗಳ ಸ್ವಭಾವವನ್ನು ತಿಳಿಯಬೇಕಾದರೆ ಈ ಗುರುಕುಲವಾಸವನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು.

ಆದರೆ ಸಿಂಹಳದಲ್ಲಿ ಭಾರತೀಯ ಮೂಲದವರ ಸ್ಥಿತಿ ದಿನದಿನಕ್ಕೆ ಇಕ್ಕಟ್ಟಾಗುತ್ತಿತ್ತು. ಆ ದೇಶವು ಸ್ವತಂತ್ರವಾದ 1948ರಲ್ಲಿಯೇ ಅಂಗೀಕೃತವಾದ ಪೌರತ್ವದ ಕಾನೂನು, ಅಲ್ಲಿ ತಲೆಮಾರುಗಳಿಂದ ನೆಲೆಸಿದ್ದ ಲಕ್ಷಾಂತರ ಭಾರತೀಯ ತಮಿಳರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರಲ್ಲಿ ನಮ್ಮ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಗಳೂ ಸಿಂಹಳದ ಪ್ರಧಾನಿ ಶ್ರೀಮತಿ ಸಿರಿಮಾವೋ ಬಂಡಾರನಾಯಕೆಯವರೂ ಒಂದು ಒಪ್ಪಂದಕ್ಕೆ ಬಂದರು. ಅದರಂತೆ 5,25,000 ಜನರನ್ನು ಭಾರತವು ಸ್ವೀಕರಿಸತಕ್ಕದ್ದು. 3,00,000 ಜನರಿಗೆ ಸಿಂಹಳವು ಪೌರತ್ವ ಕೊಡತಕ್ಕದ್ದು. ಮಿಕ್ಕ 1,50,000 ಜನರ ವಿಚಾರವನ್ನು ಮುಂದೆ ನೋಡತಕ್ಕದ್ದು. ಕಾಗದದ ಮೇಲೆ ಇವು ಅಂಕೆಗಳು. ಸಂಸಾರವಂದಿಗರಿಗೆ ಇವು ಮನೆ, ಮಕ್ಕಳ ಶಾಲೆ, ನೆರೆಹೊರೆ, ಹಿರಿಯರ ಸಮಾಧಿ. ಚಹಾ ತೋಟದ ಕೂಲಿಯವನಿಗೂ ಪತ್ರಿಕೆಯ ಸಂಪಾದಕನಿಗೂ ಈ ವಿಷಯದಲ್ಲಿ ಹೆಚ್ಚಿನ ಭೇದವಿರಲಿಲ್ಲ. ಮುತ್ತಯ್ಯನವರಿಗೆ ಆ ದೇಶದ ಪೌರತ್ವ ದೊರೆಯಲಿಲ್ಲ. 1968ರಲ್ಲಿ ಅವರು ಸಿಂಹಳವನ್ನು ಬಿಟ್ಟು ಮದರಾಸಿಗೆ ಬಂದರು.

ಇಂಥ ಸಂದರ್ಭದಲ್ಲಿ ಮನುಷ್ಯನು ಎರಡು ಬಗೆಯಾಗಿ ಬಾಳಬಹುದು. ಕಳೆದುಹೋದ ಊರನ್ನೇ ನೆನೆದು ಹೊಸ ಊರಿನಲ್ಲಿ ಅತಿಥಿಯಂತೆ ಕಾಲ ಕಳೆಯುವುದು ಒಂದು. ಹೊಸ ಊರನ್ನು ಪ್ರಶ್ನೆ ಕೇಳಿ ಕೇಳಿ ತನ್ನದಾಗಿ ಮಾಡಿಕೊಳ್ಳುವುದು ಇನ್ನೊಂದು. ಮುತ್ತಯ್ಯನವರು ಎರಡನೆಯದನ್ನು ಆರಿಸಿಕೊಂಡರು. ಬಹುಕಾಲದ ಮೇಲೆ, ಸಿಂಹಳದ ಭಾರತೀಯ ತಮಿಳರ ಇನ್ನೂರು ವರ್ಷಗಳ ವೃತ್ತಾಂತವನ್ನು ಅವರು ಒಂದು ಗ್ರಂಥವಾಗಿಯೂ ಬರೆದರೆಂಬುದನ್ನು ನೋಡಿದರೆ, ಬಿಟ್ಟು ಬಂದುದನ್ನೂ ಅವರು ಮರೆತಿರಲಿಲ್ಲವೆಂದು ತಿಳಿಯುತ್ತದೆ.

ನಕ್ಷೆಯಿಂದ ಗ್ರಂಥಕ್ಕೆ

ಮದರಾಸಿನಲ್ಲಿ ಅವರಿಗೆ ದೊರೆತ ಕೆಲಸ ವೃತ್ತಾಂತಪತ್ರಿಕೆಯದಲ್ಲ. ಕೇಂದ್ರ ಸರ್ಕಾರದಲ್ಲಿ ಅರ್ಥಮಂತ್ರಿಗಳಾಗಿದ್ದ ಟಿ. ಟಿ. ಕೃಷ್ಣಮಾಚಾರಿಯವರ ಮನೆತನದ ಮುದ್ರಣ ಸಂಸ್ಥೆಯನ್ನು ಅವರು ಸೇರಿದರು. ಟಿ. ಟಿ. ಮ್ಯಾಪ್ಸ್ ಎಂಬ ಹೆಸರಿನ ಆ ಸಂಸ್ಥೆ ನಕ್ಷೆಗಳನ್ನೂ ಭೂಪಟಗಳನ್ನೂ ಮುದ್ರಿಸುವುದರಲ್ಲಿ ಹೆಸರಾಯಿತು. ಭಾರತದ ಸಾಮಾಜಿಕ ಮತ್ತು ಆರ್ಥಿಕ ಸ್ಥಿತಿಯನ್ನು ಚಿತ್ರಿಸುವ ದೊಡ್ಡ ನಕ್ಷಾ ಸಂಪುಟವೊಂದು ಮುತ್ತಯ್ಯನವರ ಸಂಪಾದಕತ್ವದಲ್ಲಿ ಸಿದ್ಧವಾಗಿ, 1987ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಮುದ್ರಣಾಲಯದವರಿಂದ ಪ್ರಕಟವಾಯಿತು.

ನಕ್ಷೆಯ ಕೆಲಸಕ್ಕೂ ಊರಿನ ಚರಿತ್ರೆಗೂ ಸಂಬಂಧವೇನೆಂದು ವಾಚಕರು ಕೇಳಬಹುದು. ನಕ್ಷೆ ಮಾಡುವವನು ಪ್ರತಿಯೊಂದು ಬೀದಿಗೂ ಹೆಸರು ಬರೆಯಬೇಕು. ಹೆಸರು ಬರೆಯುವಾಗ, ಈ ಹೆಸರು ಯಾರದು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಇಲ್ಲಿ ‘ಪ್ಯಾರಿ ಮೂಲೆ’ ಎಂದಿದೆ; ಯಾರು ಆ ಪ್ಯಾರಿ? 1788ರಲ್ಲಿ ಮದರಾಸಿಗೆ ಬಂದಿಳಿದ ಥಾಮಸ್ ಪ್ಯಾರಿ ಎಂಬ ವ್ಯಾಪಾರಿ. ಈ ಬಡಾವಣೆಗೆ ಚಿಂತಾದ್ರಿಪೇಟೆ ಎಂದು ಹೆಸರು. ‘ಚಿನ್ನ ತರಿ’, ಎಂದರೆ ಸಣ್ಣ ಮಗ್ಗಗಳ ಪೇಟೆ. ಹದಿನೆಂಟನೆಯ ಶತಮಾನದಲ್ಲಿ ಕಂಪನಿಯವರು ನೇಕಾರರಿಗಾಗಿ ಅದನ್ನು ಕಟ್ಟಿಸಿದರು. ಹೀಗೆ ಒಂದೊಂದು ಹೆಸರನ್ನು ಹಿಡಿದು ಎಳೆದರೆ ಹಿಂದೆ ಒಂದೊಂದು ಕಥೆ ಬರುತ್ತದೆ.

ಈ ಬಗೆಯ ಕಥೆಗಳನ್ನೆಲ್ಲ ಒಟ್ಟುಗೂಡಿಸಿ ಅವರು 1981ರಲ್ಲಿ ‘ಮದ್ರಾಸ್ ಡಿಸ್ಕವರ್ಡ್’ ಎಂಬ ಪುಸ್ತಕವನ್ನು ಪ್ರಕಟಿಸಿದರು. ಅದು ಪಂಡಿತರ ಕಪಾಟಿಗಾಗಿ ಬರೆದ ಗ್ರಂಥವಲ್ಲ. ಕೈಯಲ್ಲಿ ಹಿಡಿದು ಬೀದಿಯಲ್ಲಿ ನಡೆಯುತ್ತ ಓದಬೇಕಾದ ಕೈಪಿಡಿ. ಈ ಕಟ್ಟಡದ ಮುಂದೆ ನಿಲ್ಲಿರಿ, ಎಡಕ್ಕೆ ನೋಡಿರಿ, ಇಲ್ಲಿ ಹಿಂದೆ ಇಂಥವರಿದ್ದರು ಎಂಬ ರೀತಿ ಅದರದು. ಮುಂದೆ ಅದು ‘ಮದ್ರಾಸ್ ರಿಡಿಸ್ಕವರ್ಡ್’ ಎಂದು ಹೆಸರು ಬದಲಿಸಿಕೊಂಡು, ಆವೃತ್ತಿಯಿಂದ ಆವೃತ್ತಿಗೆ ದಪ್ಪನಾಗುತ್ತ ಹೋಯಿತು. ಪುಸ್ತಕವು ಹೀಗೆ ಬೆಳೆಯುತ್ತ ಹೋದುದಕ್ಕೆ ಕಾರಣವೇನೆಂಬುದನ್ನು ಮುಂದೆ ಹೇಳುತ್ತೇವೆ. ಅದರಲ್ಲಿಯೇ ಈ ಮಹನೀಯರ ಮರ್ಮವಿದೆ.

ಇವರಿಗೆ ಮೊದಲು ಮದರಾಸಿನ ಚರಿತ್ರೆಯನ್ನು ಬರೆದವರೇ ಇರಲಿಲ್ಲವೆಂದು ತಿಳಿಯಬಾರದು. ಟಾಲ್ಬಾಯ್ಸ್ ವೀಲರ್ ಎಂಬುವರು 1861ರ ಸುಮಾರಿನಲ್ಲಿಯೇ ಕಂಪನಿಯ ದಾಖಲೆಗಳಿಂದ ಹಳೆಯ ಮದರಾಸಿನ ಸಂಗತಿಗಳನ್ನು ಆರಿಸಿ ಅಚ್ಚುಹಾಕಿಸಿದ್ದರು. ಕರ್ನಲ್ ಲವ್ ಎಂಬುವರು 1913ರಲ್ಲಿ ದೊಡ್ಡ ದೊಡ್ಡ ಸಂಪುಟಗಳಲ್ಲಿ 1640ರಿಂದ 1800ರವರೆಗಿನ ವೃತ್ತಾಂತವನ್ನು ಕೊಟ್ಟಿದ್ದರು. ಪಟ್ಟಣಕ್ಕೆ ಮುನ್ನೂರು ವರ್ಷ ತುಂಬಿದ 1939ರಲ್ಲಿ ಸಿ. ಎಸ್. ಶ್ರೀನಿವಾಸಾಚಾರ್ಯರು ನಗರದ ಇತಿಹಾಸವನ್ನು ಬರೆದಿದ್ದರು. ಇವೆಲ್ಲ ಘನವಾದ ಗ್ರಂಥಗಳು. ಆದರೆ ಪುಸ್ತಕಾಲಯದಲ್ಲಿ ಧೂಳು ಹಿಡಿದು ಕುಳಿತ ಗ್ರಂಥವನ್ನು ಗೃಹಸ್ಥನು ಹುಡುಕಿಕೊಂಡು ಹೋಗುವುದು ಅಪರೂಪ. ಅವನ ಮನೆಯ ಬಾಗಿಲಿಗೆ ತಾನಾಗಿ ಬರುವುದು ವೃತ್ತಾಂತಪತ್ರಿಕೆಯೊಂದೇ.

ಒಂದು ಪುಟ್ಟ ಪತ್ರಿಕೆ

1991ರ ಏಪ್ರಿಲ್ ತಿಂಗಳಲ್ಲಿ ಮುತ್ತಯ್ಯನವರ ಸಂಪಾದಕತ್ವದಲ್ಲಿ ‘ಮದ್ರಾಸ್ ಮ್ಯೂಸಿಂಗ್ಸ್’ ಎಂಬ ಸಣ್ಣ ಪತ್ರಿಕೆ ಹೊರಟಿತು. ದೇಶದ ರಾಜಕೀಯಕ್ಕೆ ಅದರಲ್ಲಿ ಎಡೆಯಿಲ್ಲ. ಚಲಚ್ಚಿತ್ರದ ತಾರೆಯರ ಗುಸುಗುಸು ಮಾತಿಲ್ಲ. ಅದರ ವಿಷಯ ಒಂದೇ: ಮದರಾಸು. ಹಳೆಯ ಮನೆಗಳು, ಹಳೆಯ ಮರಗಳು, ಹೊಲಸಾದ ಕೂವಂ ನದಿ, ಮರೆತುಹೋದ ಮಹನೀಯರು, ನಗರಸಭೆಯವರ ಉದಾಸೀನ ಇವೇ ಅದರ ಅಂಕಣಗಳನ್ನು ತುಂಬಿದವು. ಇಂಥ ಪತ್ರಿಕೆಗೆ ಆದಾಯ ಎಲ್ಲಿಂದ ಬರಬೇಕು? ಕೆಲವು ವರ್ಷಗಳ ತರುವಾಯ ಅದು ನಿಂತುಹೋಗುವ ಸ್ಥಿತಿಗೆ ಬಂದಿತು. ಆಗ ನಗರದ ಕೆಲವು ಉದ್ಯಮ ಸಂಸ್ಥೆಗಳವರು ಅದು ನಿಲ್ಲಕೂಡದೆಂದು ಬೆಂಬಲಕ್ಕೆ ಬಂದರು. ಮುತ್ತಯ್ಯನವರು ತಮ್ಮ ಕೊನೆಯವರೆಗೂ, ಎಂದರೆ ಇಪ್ಪತ್ತೆಂಟು ವರ್ಷ, ಅದರ ಚುಕ್ಕಾಣಿಯನ್ನು ಹಿಡಿದಿದ್ದರು.

ಪತ್ರಿಕೆ ಸಣ್ಣದಾದರೂ ಅದು ಕೈಗೆತ್ತಿಕೊಂಡ ಜಗಳಗಳು ಸಣ್ಣವಲ್ಲ. ಪ್ರಾಚೀನ ದೇವಾಲಯಗಳನ್ನು ಕಾಪಾಡಲು ಪುರಾತತ್ತ್ವ ಇಲಾಖೆಯುಂಟು. ಆದರೆ ಇನ್ನೂರು ವರ್ಷದ ಹಳೆಯ ಕಚೇರಿ, ಶಾಲೆ, ಬಂಗಲೆಗಳನ್ನು ಕೇಳುವವರು ಯಾರು? ‘ಹಳೆಯದಾಯಿತು, ಕೆಡವಿ ಹೊಸದು ಕಟ್ಟಿರಿ’ ಎಂಬುದೇ ಎಲ್ಲರ ಮಾತು. ಸಮುದ್ರತೀರದ ಬೀದಿಯಲ್ಲಿ ಬೆಂಟಿಂಕ್ ಕಟ್ಟಡವೆಂಬುದೊಂದಿತ್ತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕಟ್ಟಿದ ಆ ಸೌಧದಲ್ಲಿ ಬಹುಕಾಲ ಕಲೆಕ್ಟರರ ಕಚೇರಿ ನಡೆಯಿತು. ನಗರದ ಪ್ರಾಚೀನಪ್ರಿಯರು ಎಷ್ಟು ಕೂಗಿಕೊಂಡರೂ 1990ರ ದಶಕದ ಮೊದಲ ವರ್ಷಗಳಲ್ಲಿ ಅದನ್ನು ಕೆಡವಿ ಹೊಸ ಕಟ್ಟಡ ಎಬ್ಬಿಸಲಾಯಿತು. ಸುಮಾರು ಅದೇ ಕಾಲದಲ್ಲಿ ಮರೀನಾ ತೀರದ ಪೋಲೀಸ್ ಮುಖ್ಯ ಕಾರ್ಯಾಲಯಕ್ಕೂ ಕುತ್ತು ಒದಗಿತು. ಎತ್ತರವಾದ ಬಿಳಿಯ ಕಂಬಗಳ ಆ ಕಟ್ಟಡವನ್ನು 1839ರಲ್ಲಿ ಫ್ರೀಮೇಸನ್ ಸಂಘದವರು ಕಟ್ಟಿಸಿದ್ದರು. ಪೋಲೀಸರು ಅದನ್ನು ಮೊದಲು ಬಾಡಿಗೆಗೆ ಹಿಡಿದು, 1874ರಲ್ಲಿ ಕೊಂಡುಕೊಂಡಿದ್ದರು. ಈ ಸಲ ಪತ್ರಿಕೆಯಲ್ಲಿ ಗದ್ದಲವೆದ್ದಿತು. ಪರಂಪರೆಯ ಕಟ್ಟಡಗಳ ರಕ್ಷಣೆಗಾಗಿ ಇರುವ ಇಂಟ್ಯಾಕ್ ಸಂಸ್ಥೆಯವರು ನ್ಯಾಯಾಲಯದ ಮೆಟ್ಟಿಲೇರಿದರು. ಕಟ್ಟಡ ಉಳಿಯಿತು. ದುರಸ್ತಾಗಿ, ಬಿಳುಪಾಗಿ, ಈಗಲೂ ಸಮುದ್ರವನ್ನು ನೋಡುತ್ತ ನಿಂತಿದೆ. ಒಂದು ಹೋಯಿತು, ಒಂದು ಉಳಿಯಿತು. ಊರಿನ ನೆನಪನ್ನು ಕಾಯುವವನ ಜಮಾಖರ್ಚು ಯಾವಾಗಲೂ ಹೀಗೆಯೇ. ನಷ್ಟದ ಪುಟವೇ ಲಾಭದ ಪುಟಕ್ಕಿಂತ ಉದ್ದ.

ಇಂಥ ಕಟ್ಟಡಗಳಿಗೆ ಕಾನೂನಿನ ಆಶ್ರಯ ಬೇಕೆಂದು ಮುತ್ತಯ್ಯನವರೂ ಅವರ ಸಂಗಡಿಗರೂ ವರ್ಷ ವರ್ಷವೂ ಬರೆಯುತ್ತ ಬಂದರು. 2012ರಲ್ಲಿ ತಮಿಳುನಾಡಿನ ಶಾಸನಸಭೆ ಪರಂಪರಾ ಆಯೋಗದ ಕಾನೂನನ್ನು ಅಂಗೀಕರಿಸಿತು. ಅದು ಕಾರ್ಯರೂಪಕ್ಕೆ ಬಂದುದನ್ನು ನೋಡುವುದಕ್ಕೆ ಮಾತ್ರ ಅವರು ಉಳಿಯಲಿಲ್ಲ.

ಅಂಚೆಯವನು ತಂದ ಚರಿತ್ರೆ

1999ರಲ್ಲಿ ‘ದಿ ಹಿಂದೂ’ ಪತ್ರಿಕೆಯಲ್ಲಿ ಮುತ್ತಯ್ಯನವರ ‘ಮದ್ರಾಸ್ ಮಿಸೆಲನಿ’ ಎಂಬ ಸೋಮವಾರದ ಅಂಕಣ ಆರಂಭವಾಯಿತು. ಅದು ಸುಮಾರು ಇಪ್ಪತ್ತು ವರ್ಷ ನಡೆಯಿತು. ಅದರ ಏರ್ಪಾಡು ಸರಳವಾದುದು. ಒಂದೊಂದು ವಾರ ಮೂರು ನಾಲ್ಕು ಸಣ್ಣ ಸಂಗತಿಗಳು: ನೂರು ವರ್ಷ ತುಂಬಿದ ಶಾಲೆ, ಮಾರಾಟಕ್ಕೆ ಬಂದ ಹಳೆಯ ಬಂಗಲೆ, ಒಂದು ಕಾಲದಲ್ಲಿ ಮನೆಮಾತಾಗಿದ್ದು ಈಗ ಮರೆತುಹೋದ ವೈದ್ಯರು, ಒಂದು ಅಂಗಡಿಯ ಹಳೆಯ ನಾಮಫಲಕ. ಎಲ್ಲದರ ಕೊನೆಯಲ್ಲಿ ‘ಅಂಚೆಯವನು ಬಾಗಿಲು ತಟ್ಟಿದಾಗ’ ಎಂಬರ್ಥದ ಶೀರ್ಷಿಕೆಯ ಕೆಳಗೆ ವಾಚಕರ ಪತ್ರಗಳು.

ಈ ಕೊನೆಯ ಭಾಗವೇ ನಾವು ಹೇಳಬೇಕೆಂದಿರುವ ಮರ್ಮ. ಸಾಮಾನ್ಯವಾಗಿ ಗ್ರಂಥಕರ್ತನು ತನ್ನ ತಪ್ಪನ್ನು ಯಾರಾದರೂ ತೋರಿಸಿದರೆ ಮುಖ ಸಿಂಡರಿಸುತ್ತಾನೆ. ವೃತ್ತಾಂತಪತ್ರಿಕೆಯ ಗರಡಿಯಲ್ಲಿ ಪಳಗಿದವನಿಗಾದರೋ ತಿದ್ದುಪಡಿ ದಿನನಿತ್ಯದ ಸಂಗತಿ. ನಿನ್ನೆಯ ತಪ್ಪನ್ನು ಇಂದು ಅಚ್ಚುಹಾಕಿ ಸರಿಪಡಿಸುವುದು ಆ ವೃತ್ತಿಯ ಧರ್ಮ. ಮುತ್ತಯ್ಯನವರು ಈ ಧರ್ಮವನ್ನು ಚರಿತ್ರೆಯ ಬರಹಕ್ಕೆ ತಂದರು. ‘ನೀವು ಬರೆದ ಮನೆ ಆ ಬೀದಿಯಲ್ಲಲ್ಲ, ಪಕ್ಕದ ಬೀದಿಯಲ್ಲಿತ್ತು’ ಎಂದು ಒಬ್ಬರು. ‘ಆ ಚಿತ್ರದಲ್ಲಿ ಎಡದಿಂದ ಮೂರನೆಯವರು ನಮ್ಮ ಅಜ್ಜ’ ಎಂದು ಇನ್ನೊಬ್ಬರು. ಸಮುದ್ರದಾಚೆ ನೆಲೆಸಿದ ಹಳೆಯ ಮದರಾಸಿಗರು ಮತ್ತೊಂದು ಸಂಗತಿ. ಇಂಥ ಪತ್ರಗಳನ್ನು ಅವರು ಬರೆದವರ ಹೆಸರು ಹೇಳಿ ಪ್ರಕಟಿಸುತ್ತಿದ್ದರು. ತಮಗೆ ತಿಳಿಯದುದನ್ನು ತಿಳಿಯದೆಂದು ಹೇಳಿ, ಬಲ್ಲವರು ಬರೆಯಿರೆಂದು ಕೇಳುತ್ತಿದ್ದರು. ಬರೆಯುವವರು ಬರೆದರು. ಪೆಟ್ಟಿಗೆಯಲ್ಲಿದ್ದ ಛಾಯಾಚಿತ್ರ, ಅಟ್ಟದಲ್ಲಿದ್ದ ದಿನಚರಿ, ಅಜ್ಜಿಯ ಬಾಯಿಯ ಮಾತು ಎಲ್ಲವೂ ಹೊರಬಂದವು. ಒಂದು ಪ್ರಶ್ನೆಗೆ ಹತ್ತು ಉತ್ತರ ಬರುವುದು, ಹತ್ತರಲ್ಲಿ ಎರಡು ಪರಸ್ಪರ ವಿರುದ್ಧವಾಗಿರುವುದು, ಮೂರನೆಯವರೊಬ್ಬರು ದಾಖಲೆ ತೋರಿಸಿ ಇತ್ಯರ್ಥ ಮಾಡುವುದು: ಹೀಗೆ ಊರೆಲ್ಲ ಕೂಡಿ ತನ್ನ ಚರಿತ್ರೆಯನ್ನು ತಾನೇ ಬರೆದುಕೊಂಡಿತು. ಸಂಪಾದಕರು ಲೇಖನಿ ಹಿಡಿದು ಕುಳಿತಿದ್ದರು. ಅವರ ಪುಸ್ತಕವು ಆವೃತ್ತಿಯಿಂದ ಆವೃತ್ತಿಗೆ ದಪ್ಪನಾದುದಕ್ಕೆ ಕಾರಣ ಇದೇ.

ಇಷ್ಟೆಲ್ಲವನ್ನೂ ಅವರು ನಡೆಸಿದುದು ಹಳೆಯ ಬೆರಳಚ್ಚು ಯಂತ್ರದ ಮೇಲೆ. ಗಣಕಯಂತ್ರಗಳು ಮನೆಮನೆಗೆ ಬಂದ ಮೇಲೂ ಅವರು ಅದರ ಗೊಡವೆಗೆ ಹೋಗಲಿಲ್ಲ.

ಚೆನ್ನಪಟ್ಟಣಕ್ಕೂ ಕನ್ನಡಿಗರಿಗೂ ಇರುವ ನಂಟನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗದು. ಈಸ್ಟ್ ಇಂಡಿಯಾ ಕಂಪನಿಯ ಫ್ರಾನ್ಸಿಸ್ ಡೇ 1639ರಲ್ಲಿ ಸಮುದ್ರತೀರದ ಆ ಮರಳು ನೆಲವನ್ನು ಪಡೆದುದು ದಾಮರ್ಲ ನಾಯಕರಿಂದ. ಆ ನಾಯಕರು ಚಂದ್ರಗಿರಿಯಲ್ಲಿ ಆಳುತ್ತಿದ್ದ ವಿಜಯನಗರದ ಕೊನೆಯ ಅರಸರ ಅಧೀನರು. ಅವರ ತಂದೆ ಚೆನ್ನಪ್ಪನಾಯಕರ ಹೆಸರೇ ಚೆನ್ನಪಟ್ಟಣವೆಂದಾಯಿತೆಂದು ಹೇಳುವುದು ವಾಡಿಕೆ. ಹಂಪೆಯಲ್ಲಿ ಹೊತ್ತಿದ ದೀಪದ ಕೊನೆಯ ಬೆಳಕಿನಲ್ಲಿ ಮದರಾಸು ಹುಟ್ಟಿತೆನ್ನಬಹುದು. ಮುಂದೆ ಬಳ್ಳಾರಿ ಸೀಮೆ 1953ರವರೆಗೂ, ದಕ್ಷಿಣ ಕನ್ನಡ 1956ರವರೆಗೂ ಮದರಾಸಿನ ಆಡಳಿತಕ್ಕೆ ಸೇರಿದ್ದವು. ದಕ್ಷಿಣ ಕನ್ನಡದಿಂದ ಬರಿಗೈಯಲ್ಲಿ ಹೊರಟ ಕೆ. ಕೃಷ್ಣರಾಯರು ಆ ಪಟ್ಟಣದಲ್ಲಿ ಉಡುಪಿ ಊಟದ ರುಚಿಯನ್ನು ಹತ್ತಿಸಿ, 1938ರಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಸ್ಥಾಪಿಸಿದರು. ಮೋಟಾರಿನಲ್ಲಿ ಕುಳಿತಲ್ಲಿಗೇ ದೋಸೆ ಕಾಫಿಗಳನ್ನು ತಂದುಕೊಡುತ್ತಿದ್ದ ವುಡ್‌ಲ್ಯಾಂಡ್ಸಿನ ಮರಗಳ ತೋಪು 1962ರಿಂದ 2008ರವರೆಗೆ ಆ ನಗರದ ಹರಟೆಯ ಕಟ್ಟೆಯಾಗಿತ್ತು. ಅದು ಮುಚ್ಚಿದ ಮೇಲೆ ಆ ನೆಲದಲ್ಲಿ ಸಸ್ಯೋದ್ಯಾನವಾಗಿದೆ. ದೋಸೆಯ ಅಂಗಡಿಯೂ ಚರಿತ್ರೆಯೇ ಎಂದು ಕೆಲವರು ನಗಬಹುದು. ಕೋಟೆಯೊಳಗೆ ಗವರ್ನರು ಏನು ಮಾಡಿದನೆಂಬುದು ಚರಿತ್ರೆಯಾದರೆ, ಕೋಟೆಯ ಹೊರಗೆ ಜನರು ಏನು ತಿಂದರು, ಎಲ್ಲಿ ಕೂತು ಮಾತಾಡಿದರು ಎಂಬುದೂ ಚರಿತ್ರೆಯೇ. ಮುತ್ತಯ್ಯನವರ ಅಂಕಣಗಳು ಕಲಿಸಿದ ಪಾಠ ಇದು.

ಆಕ್ಷೇಪಗಳು

ಯಾರ ವಿಚಾರವನ್ನು ಬರೆದರೂ ಗುಣದೋಷಗಳೆರಡನ್ನೂ ಹೇಳುವುದು ನ್ಯಾಯ. ಮುತ್ತಯ್ಯನವರ ಬರಹದ ಮೇಲೆ ಎರಡು ಆಕ್ಷೇಪಗಳುಂಟು. ಮೊದಲನೆಯದು ಪಂಡಿತರದು: ಈ ಸಂಗತಿಗೆ ಆಧಾರವೇನು, ಯಾವ ದಾಖಲೆಯ ಯಾವ ಪುಟ ಎಂಬುದನ್ನು ಇವರು ಕೊಡುವುದಿಲ್ಲ ಎಂದು. ಇದು ನಿಜ. ಅಂಕಣದಲ್ಲಿ ಅಡಿಟಿಪ್ಪಣಿಗೆ ಸ್ಥಳವಿಲ್ಲ. ಅವರಾದರೂ ತಮ್ಮನ್ನು ಇತಿಹಾಸಕಾರರೆಂದು ಕರೆದುಕೊಳ್ಳಲಿಲ್ಲ. ತಾವು ವೃತ್ತಾಂತಕಾರರು, ಕಂಡುದನ್ನೂ ಕೇಳಿದುದನ್ನೂ ಬರೆದಿಡುವವರು ಎಂದೇ ಹೇಳಿಕೊಂಡರು. ಬಿತ್ತುವವನು ಬೇರೆ, ತೂರಿ ಕಾಳು ಜೊಳ್ಳು ಬೇರ್ಪಡಿಸುವವನು ಬೇರೆ. ಬಿತ್ತದಿದ್ದರೆ ತೂರಲು ಏನೂ ಇರುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ತೂಕದ್ದು. ಇವರ ಮದರಾಸು 1639ರಲ್ಲಿ ಇಂಗ್ಲಿಷರಿಂದ ಆರಂಭವಾಗುತ್ತದೆ; ಮೈಲಾಪುರ, ತಿರುವಲ್ಲಿಕೇಣಿ, ತಿರುವೊಟ್ಟಿಯೂರುಗಳು ಅದಕ್ಕೆ ಸಾವಿರ ವರ್ಷ ಮೊದಲೇ ಇದ್ದುವಲ್ಲವೆ ಎಂದು. ಈ ಮಾತನ್ನು ತಳ್ಳಿಹಾಕಲಾಗದು. ಆಳ್ವಾರರೂ ನಾಯನ್ಮಾರರೂ ಹಾಡಿದ ದೇವಾಲಯಗಳು ಆ ಊರುಗಳಲ್ಲಿವೆ. ಮುತ್ತಯ್ಯನವರ ಪಕ್ಷದ ಉತ್ತರ ಇದು: ಊರುಗಳು ಪ್ರಾಚೀನವಾದರೂ ಅವುಗಳನ್ನು ಒಂದುಗೂಡಿಸಿದ ಆಧುನಿಕ ನಗರವು ಆ ದಾನಪತ್ರದಿಂದ ಹುಟ್ಟಿತು, 1688ರ ನಗರಸಭೆ, 1794ರಲ್ಲಿ ಮೊದಲಾಗಿ ಮುಂದೆ ಗಿಂಡಿಯ ಇಂಜಿನಿಯರಿಂಗ್ ಕಾಲೇಜಾಗಿ ಬೆಳೆದ ಮೋಜಣಿ ಶಾಲೆ, 1819ರ ಕಣ್ಣಾಸ್ಪತ್ರೆ ಮೊದಲಾದ ಸಂಸ್ಥೆಗಳಲ್ಲಿ ಅದು ದೇಶಕ್ಕೆ ಮೇಲ್ಪಂಕ್ತಿಯಾಯಿತು. ಈ ವಾದವು ಎಲ್ಲರಿಗೂ ಒಪ್ಪಿಗೆಯಾಗಬೇಕಾಗಿಲ್ಲ. 1996ರಲ್ಲಿ ಸರ್ಕಾರವು ನಗರಕ್ಕೆ ಚೆನ್ನೈ ಎಂದು ಹೆಸರಿಟ್ಟ ಮೇಲೂ ಇವರು ಮದರಾಸೆಂಬ ಹೆಸರನ್ನು ಬಿಡಲೊಲ್ಲದೆ ಹೋದುದನ್ನೂ ಕೆಲವರು ಮೆಚ್ಚಲಿಲ್ಲ. ಆದರೆ ವಾದ ನಡೆಯಬೇಕಾದರೂ ಊರಿನ ವಿಚಾರದಲ್ಲಿ ಜನರಿಗೆ ಆಸಕ್ತಿ ಹುಟ್ಟಿರಬೇಕು. ಆ ಆಸಕ್ತಿಯನ್ನು ಹುಟ್ಟಿಸಿದವರಲ್ಲಿ ಇವರು ಅಗ್ರಗಣ್ಯರೆಂಬುದನ್ನು ವಿರೋಧಿಗಳೂ ಅಲ್ಲಗಳೆಯರು.

ಊರಿನ ಹುಟ್ಟುಹಬ್ಬ

2004ರಲ್ಲಿ ಮುತ್ತಯ್ಯನವರೂ ಇನ್ನಿಬ್ಬರು ಪತ್ರಿಕಾ ಮಿತ್ರರೂ ಸೇರಿ ‘ಮದ್ರಾಸ್ ದಿನ’ವನ್ನು ಆರಂಭಿಸಿದರು. ಆಗಸ್ಟ್ 22 ಅದರ ದಿನಾಂಕ. ದಾನಪತ್ರದ ತಿಂಗಳು ಜುಲೈಯೋ ಆಗಸ್ಟೋ ಎಂಬ ಚರ್ಚೆ ವಿದ್ವಾಂಸರಲ್ಲಿ ಉಂಟು. ಹಬ್ಬಕ್ಕೆ ಆಗಸ್ಟನ್ನು ಹಿಡಿದರು. ಆ ದಿನ ಆಸಕ್ತರು ಗುಂಪುಗೂಡಿ ಹಳೆಯ ಬೀದಿಗಳಲ್ಲಿ ನಡೆದು, ಬಲ್ಲವರಿಂದ ಅಲ್ಲಿಯ ಕಥೆಯನ್ನು ಕೇಳುವುದು. ಶಾಲೆಯ ಮಕ್ಕಳು ತಮ್ಮ ಬಡಾವಣೆಯ ಚರಿತ್ರೆಯನ್ನು ಹುಡುಕಿ ಬರೆಯುವುದು. ಹಳೆಯ ಚಿತ್ರಗಳ ಪ್ರದರ್ಶನ, ಉಪನ್ಯಾಸ. ಸರ್ಕಾರದ ಹಣವಿಲ್ಲದೆ, ಯಾರ ಅಪ್ಪಣೆಯೂ ಇಲ್ಲದೆ ಆರಂಭವಾದ ಈ ಹಬ್ಬ ಒಂದು ದಿನದಿಂದ ಒಂದು ವಾರಕ್ಕೆ, ವಾರದಿಂದ ತಿಂಗಳಿಗೆ ಹಬ್ಬಿತು.

ಇದರ ನಡುವೆ ಅವರ ಗ್ರಂಥಗಳೂ ಒಂದರ ಮೇಲೊಂದು ಬಂದವು. ಪ್ಯಾರಿ, ಸ್ಪೆನ್ಸರ್, ಸಿಂಪ್ಸನ್ ಮೊದಲಾದ ಹಳೆಯ ವ್ಯಾಪಾರ ಸಂಸ್ಥೆಗಳ ಕಥೆ, 1893ರಲ್ಲಿ ಸ್ಥಾಪಿತವಾಗಿ ನಮ್ಮ ಕೊಡಗು ಮತ್ತು ಮೈಸೂರು ಸೀಮೆಯ ಕಾಫಿ ಬೆಳೆಗಾರರನ್ನೂ ಒಳಗೊಂಡ ದಕ್ಷಿಣ ಭಾರತದ ತೋಟಗಾರರ ಸಂಘದ ನೂರು ವರ್ಷಗಳ ವೃತ್ತಾಂತ, ಚೆಟ್ಟಿನಾಡಿನ ಪರಂಪರೆ, ಆಂಗ್ಲೋ ಇಂಡಿಯನ್ನರ ಐದು ಶತಮಾನಗಳ ಚರಿತ್ರೆ, ಹಲವು ಲೇಖಕರನ್ನು ಕೂಡಿಸಿ ಅವರು ಸಂಪಾದಿಸಿದ ನಗರದ ನಾಲ್ಕು ನೂರು ವರ್ಷಗಳ ಮೂರು ದೊಡ್ಡ ಸಂಪುಟಗಳು. 2002ರಲ್ಲಿ ಬ್ರಿಟಿಷ್ ಸರ್ಕಾರವು ಅವರಿಗೆ ಎಂ. ಬಿ. ಇ. ಎಂಬ ಬಿರುದನ್ನು ಕೊಟ್ಟು ಗೌರವಿಸಿತು. ಎಂಬತ್ತೊಂಬತ್ತು ತುಂಬಿ ಒಂದು ವಾರ ಕಳೆಯುವಷ್ಟರಲ್ಲಿ ಅವರು ಕಣ್ಮುಚ್ಚಿದರು. ಅವರು ಬಿಟ್ಟುಹೋದ ಪುಟ್ಟ ಪತ್ರಿಕೆಯನ್ನು ಅವರ ಕೈಕೆಳಗೆ ಪಳಗಿದ ವೆಂಕಟಕೃಷ್ಣನ್ ಶ್ರೀರಾಮರು ಮುಂದುವರಿಸಿಕೊಂಡು ಬಂದರು.

ಗೃಹಸ್ಥರಿಗೆ ಒಂದು ಮಾತು

ಈ ಚರಿತ್ರೆಯಿಂದ ನಾವು ತೆಗೆದುಕೊಳ್ಳಬೇಕಾದುದೇನು? ಎಲ್ಲರೂ ಪತ್ರಿಕೆ ನಡೆಸಲಾಗದು. ಎಲ್ಲರೂ ಗ್ರಂಥ ಬರೆಯಲಾಗದು. ಆದರೆ ಮುತ್ತಯ್ಯನವರಿಗೆ ಬಂದ ಪತ್ರಗಳನ್ನು ಬರೆದವರು ಪಂಡಿತರಲ್ಲ, ನಮ್ಮ ನಿಮ್ಮಂಥ ಸಂಸಾರವಂದಿಗರು. ತಮ್ಮ ತಾತನ ಅಂಗಡಿಯ ಲೆಕ್ಕದ ಪುಸ್ತಕ, ಸೋದರತ್ತೆಯ ಮದುವೆಯ ಆಹ್ವಾನಪತ್ರಿಕೆ, ಮನೆಯ ಕ್ರಯಪತ್ರ ಇವುಗಳಿಗೆ ಬೆಲೆಯುಂಟೆಂದು ಅವರಿಗೆ ತಿಳಿದುದು ಒಬ್ಬ ಸಂಪಾದಕರು ಕೇಳಿದ ಮೇಲೆ. ನಮ್ಮ ಊರುಗಳಲ್ಲಿ ಕೇಳುವವರು ಬರುವವರೆಗೆ ಕಾಯಬೇಕಾಗಿಲ್ಲ. ಆಯುಧಪೂಜೆಗೋ ಸಂಕ್ರಾಂತಿಗೋ ಮನೆಯನ್ನು ಸಾರಿಸಿ ಗುಡಿಸುವಾಗ ಅಟ್ಟದಿಂದ ಇಳಿದ ಹಳೆಯ ಕಾಗದದ ಗಂಟನ್ನು ರದ್ದಿಯವನಿಗೆ ಹಾಕುವ ಮೊದಲು ಒಂದು ಸಲ ಬಿಚ್ಚಿ ನೋಡಬಹುದು. ಹಳೆಯ ಛಾಯಾಚಿತ್ರದ ಹಿಂಭಾಗದಲ್ಲಿ, ಅದರಲ್ಲಿರುವವರ ಹೆಸರುಗಳನ್ನು ಬಲ್ಲ ಹಿರಿಯರು ಇರುವಾಗಲೇ, ಸೀಸದ ಕಡ್ಡಿಯಿಂದ ಬರೆದಿಡಬಹುದು. ನಮ್ಮ ಬೀದಿಗೆ ಈ ಹೆಸರು ಏಕೆ ಬಂದಿತೆಂದು ಮಕ್ಕಳು ಕೇಳಿದಾಗ, ಗೊತ್ತಿಲ್ಲವೆಂದು ಸುಮ್ಮನಾಗದೆ, ಬಲ್ಲವರ ಮನೆಗೆ ಅವರನ್ನು ಕರೆದುಕೊಂಡು ಹೋಗಬಹುದು.

ಹೊರಗಿನಿಂದ ಬಂದವರೊಬ್ಬರು ಬಾಗಿಲು ಬಾಗಿಲಿಗೂ ಹೋಗಿ ವಿಚಾರಿಸಿ ಒಂದು ನಗರವನ್ನು ತಮ್ಮದಾಗಿ ಮಾಡಿಕೊಂಡರು. ಹುಟ್ಟಿದಂದಿನಿಂದ ನಮ್ಮದೇ ಆಗಿರುವ ಊರನ್ನು ವಿಚಾರಿಸುವುದು ನಮಗೆ ಅಷ್ಟು ಕಷ್ಟವಾಗಲಾರದು.